ಅಣಬೆಗೆ ಬೆಳಕು ತಿಳಿಯುತ್ತದೆ: ಹೆಗ್ಗರಣೆಯಿಂದ ಕೆಲವು ಪಾಠಗಳು

ಅಣಬೆ ಕತ್ತಲ ಬೆಳೆ ಎಂಬ ಮಾತು ನಮ್ಮ ಕಡೆ ಗಟ್ಟಿಯಾಗಿ ಕೂತಿದೆ. ಅದನ್ನು ನಂಬಿ ಖಾಲಿ ಕೊಟ್ಟಿಗೆಯ ಕಿಟಕಿಗಳಿಗೆಲ್ಲ ಗೋಣಿ ಹೊಡೆದು, ಒಳಗೆ ಚಿಪ್ಪು ಅಣಬೆಯ ಚೀಲ ತೂಗುಹಾಕಿ, ಫಸಲು ಬರಲಿಲ್ಲವೆಂದು ಕೈಬಿಟ್ಟವರನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಲ್ಲಿ ನೋಡಿದ್ದೇನೆ. ಅವರ ಬೀಜ ಸರಿಯಿತ್ತು, ಹುಲ್ಲು ಸರಿಯಿತ್ತು, ನೀರೂ ಸರಿಯಿತ್ತು. ಬೆಳಕಿನ ಲೆಕ್ಕವನ್ನು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಹೆಗ್ಗರಣೆಯಲ್ಲಿ ಅಡಿಕೆ ತೋಟದ ಜೊತೆಗೆ ಅಣಬೆ ಬೆಳೆಯುತ್ತ, ಅದರ ಬಗ್ಗೆ ಸಿಕ್ಕಿದ್ದನ್ನು ಓದುತ್ತ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಬೆಳಕು ಅಣಬೆಗೆ ಊಟವಲ್ಲ, ಸುದ್ದಿ

ಗಿಡಕ್ಕೆ ಬೆಳಕು ಬೇಕಾಗುವುದು ಆಹಾರ ತಯಾರಿಸಿಕೊಳ್ಳಲಿಕ್ಕೆ. ಅಣಬೆಗೆ ಎಲೆಹಸಿರು ಇಲ್ಲ. ಅದರ ಊಟ ಭತ್ತದ ಹುಲ್ಲಿನಲ್ಲಿದೆ, ಅಡಿಕೆ ಹಾಳೆಯಲ್ಲಿದೆ, ಸತ್ತ ಮರದಲ್ಲಿದೆ. ಹಾಗಾದರೆ ಬೆಳಕು ಯಾಕೆ ಎಂಬ ಪ್ರಶ್ನೆ ಸಹಜ.

ಬೆಟ್ಟದಲ್ಲಿ ಒಂದು ಬಿದ್ದ ಮರವನ್ನು ನೋಡಿ. ಶಿಲೀಂಧ್ರದ ಬಿಳಿ ಎಳೆಗಳು ಇರುವುದು ತೊಗಟೆಯ ಒಳಗೆ, ಮರದ ತಿರುಳಿನಲ್ಲಿ, ದರಕಿನ ಅಡಿಯಲ್ಲಿ. ಅಲ್ಲೆಲ್ಲ ಕತ್ತಲೆ, ತೇವ, ಊಟ. ಎಳೆಗೆ ಬೆಳಕು ತಾಗಿತೆಂದರೆ ಮರದ ಅಂಚು ಬಂತು, ಆಚೆ ಗಾಳಿ ಇದೆ ಎಂದು ಅರ್ಥ. ಬೀಜಕಗಳನ್ನು ಗಾಳಿಗೆ ಬಿಡಲು ತಕ್ಕ ಜಾಗ ಅದೇ. ಒಣಗುವ ಅಪಾಯ, ಬಿಸಿಲಿನ ನೇರಳಾತೀತ ಕಿರಣದ ಅಪಾಯ ಇರುವುದೂ ಅಲ್ಲೇ. ಹೀಗಾಗಿ ಬೆಳಕು ಕಂಡ ಶಿಲೀಂಧ್ರ ಎರಡು ಕೆಲಸ ಶುರುಮಾಡುತ್ತದೆ: ಕೊಡೆ ಅಥವಾ ಬೀಜಕ ತಯಾರಿಸುವುದು, ಮೈಗೆ ರಕ್ಷಣೆಯ ಬಣ್ಣ ಕಟ್ಟಿಕೊಳ್ಳುವುದು.

ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಎಲ್ಲವೂ ಸುಲಭ. ನಾವು ಅಣಬೆಗೆ ಬೆಳಕನ್ನು ಉಣಿಸುತ್ತಿಲ್ಲ; ಹೊರಗೆ ಬರುವ ಹೊತ್ತಾಯಿತೆಂದು ತಿಳಿಸುತ್ತಿದ್ದೇವೆ. ತಿಳಿಸುವುದಕ್ಕೆ ಒಂದು ಹೊತ್ತಿದೆ, ಒಂದು ಪ್ರಮಾಣವಿದೆ.

2. ಕಣ್ಣಿಲ್ಲದೆ ಕಾಣುವ ಬಗೆ

ಅಣಬೆ ಬೀಜ ತಯಾರಿಸುವವರಿಗೆಲ್ಲ ಗೊತ್ತಿರುವ ಶತ್ರುವೊಂದಿದೆ: ಕಿತ್ತಳೆ ಬಣ್ಣದ ಬೂಸ್ಟು. ಬಾಟಲಿಯ ಬಾಯಿಗೆ ಒಮ್ಮೆ ಹತ್ತಿತೆಂದರೆ ಕೋಣೆಯಿಡೀ ಹಬ್ಬುತ್ತದೆ. ಇದರ ಹೆಸರು ನ್ಯೂರೋಸ್ಪೋರಾ. ಜಗತ್ತಿನ ವಿಜ್ಞಾನಿಗಳಿಗೆ ಶಿಲೀಂಧ್ರದ ದೃಷ್ಟಿಯ ಗುಟ್ಟು ಬಿಟ್ಟುಕೊಟ್ಟದ್ದು ಇದೇ ಬೂಸ್ಟು. ಕತ್ತಲಲ್ಲಿ ಇದರ ಎಳೆ ಬೆಳ್ಳಗಿರುತ್ತದೆ. ನೀಲಿ ಬೆಳಕು ತಾಗಿದರೆ ಕ್ಯಾರೊಟಿನಾಯ್ಡ್ ಎಂಬ ಬಣ್ಣ ಕಟ್ಟಿ ಕಿತ್ತಳೆಯಾಗುತ್ತದೆ. ಗಜ್ಜರಿಯಲ್ಲಿರುವುದೂ ಅದೇ ಬಳಗದ ಬಣ್ಣ.

ಈ ಬೆಳಕನ್ನು ಹಿಡಿಯುವುದು ವೈಟ್ ಕಾಲರ್-1 ಎಂಬ ಪ್ರೋಟೀನು. ಅದರ ಹೊಟ್ಟೆಯಲ್ಲಿ ಫ್ಲೇವಿನ್ ಎಂಬ ಅಣು ಕೂತಿರುತ್ತದೆ. ರೈಬೋಫ್ಲೇವಿನ್, ಅಂದರೆ ಬಿ2 ಜೀವಸತ್ವದಿಂದ ಆಗುವ ಅಣು ಇದು. ನೀಲಿ ಬೆಳಕು ಬಿದ್ದಾಗ ಫ್ಲೇವಿನ್ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಪ್ರೋಟೀನಿನ ಆಕಾರ ಬದಲಾಗುತ್ತದೆ, ಅದು ವೈಟ್ ಕಾಲರ್-2 ಎಂಬ ಜೊತೆಗಾರನೊಂದಿಗೆ ಸೇರಿ ವಂಶವಾಹಿಗಳನ್ನು ಎಬ್ಬಿಸುತ್ತದೆ. ವೈಟ್ ಕಾಲರ್-1 ತಾನೇ ಬೆಳಕು ಹಿಡಿಯುವ ಅಣು ಎಂಬುದು ಖಚಿತವಾದದ್ದು 2002ರಲ್ಲಿ. ಇದೇ ಬಳಗದ ಪ್ರೋಟೀನುಗಳು ಅಣಬೆಗಳಲ್ಲೂ ಇವೆ. ನಮ್ಮಲ್ಲಿ ಒಣ ಮಾವಿನ ಕೊಂಬೆಯ ಮೇಲೆ ಬೀಸಣಿಗೆಯಂತೆ ಏಳುವ ಸಣ್ಣ ಬೂದು ಅಣಬೆ, ಸ್ಕೈಝೋಫಿಲಮ್, ಈ ಪ್ರೋಟೀನು ಕಳೆದುಕೊಂಡರೆ ಬೆಳಕಿನಲ್ಲಿಟ್ಟರೂ ಮೊಗ್ಗು ಬಿಡುವುದಿಲ್ಲ.

ಈ ದೃಷ್ಟಿ ಎಷ್ಟು ಚುರುಕು ಎಂಬುದಕ್ಕೆ ಇನ್ನೊಂದು ಜೀವಿಯ ಹೆಸರು ಹೇಳಬೇಕು. ಫೈಕೋಮೈಸಿಸ್ ಎಂಬ ಬೂಸ್ಟಿನ ದಂಟು ಬೆಳಕಿನ ಕಡೆಗೆ ಬಾಗುತ್ತದೆ. 1969ರಲ್ಲಿ ನೊಬೆಲ್ ಪಡೆದ ಮ್ಯಾಕ್ಸ್ ಡೆಲ್‌ಬ್ರೂಕ್ 1950ರ ದಶಕದಿಂದ ಇದರ ಹಿಂದೆ ಬಿದ್ದಿದ್ದರು. ಕತ್ತಲಿಗೆ ಹೊಂದಿಕೊಂಡ ಮನುಷ್ಯನ ಕಣ್ಣಿಗೆ ಹೆಚ್ಚುಕಡಿಮೆ ಸಮನಾದ ಸೂಕ್ಷ್ಮತೆ ಅದಕ್ಕಿದೆ. ಅತಿ ಮಂದ ಬೆಳಕಿನಿಂದ ಅದರ ಸಾವಿರ ಕೋಟಿ ಪಟ್ಟು ಪ್ರಖರತೆಯವರೆಗೆ ಅದು ಸ್ಪಂದಿಸಬಲ್ಲದು.

3. ಎಳೆ ಹಬ್ಬುವವರೆಗೆ ಕತ್ತಲೆಯೇ ಸರಿ

ಹುಲ್ಲನ್ನು ನೆನೆಸಿ, ಬಿಸಿನೀರು ಅಥವಾ ಹಬೆ ಕೊಟ್ಟು, ಬೀಜ ತುಂಬಿದ ಚೀಲ ಎರಡರಿಂದ ಮೂರು ವಾರ ಕತ್ತಲೆ ಕೋಣೆಯಲ್ಲಿರಬೇಕು. ಈ ಹಂತದಲ್ಲಿ ಬೆಳಕು ಎಳೆಯನ್ನು ಕೊಲ್ಲುವುದಿಲ್ಲ. ಆದರೆ ಊಟ ಪೂರ್ತಿ ಹಿಡಿಯುವ ಮೊದಲೇ ಹೊರಡಲು ಹೇಳಿದಂತಾಗುತ್ತದೆ. ಬಾಗಿಲಿನ ಕಡೆಗಿರುವ ಚೀಲಗಳನ್ನು ಗಮನಿಸಿ: ಬೆಳಕು ತಾಗುವ ಮಗ್ಗುಲಲ್ಲಿ ಪ್ಲಾಸ್ಟಿಕ್ಕಿನ ಒಳಗೇ ಮೊಗ್ಗು ಮೂಡಿ, ಉಸಿರು ಸಾಲದೆ ಮುರುಟಿ ಕೊಳೆಯುತ್ತವೆ. ಅದೇ ಚೀಲದ ಹಿಂಬದಿ ಇನ್ನೂ ಅರೆಬೆಳ್ಳಗೆ ಇರುತ್ತದೆ.

ಕಪ್ಪು ಪ್ಲಾಸ್ಟಿಕ್ ಹೊದಿಸುವುದಕ್ಕಿಂತ ದಪ್ಪ ಗೋಣಿಯ ಪರದೆ ಒಳ್ಳೆಯದು. ಎಳೆ ಹಬ್ಬುವಾಗ ಚೀಲ ಸ್ವಂತ ಬಿಸಿ ಹುಟ್ಟಿಸುತ್ತದೆ. ಪ್ಲಾಸ್ಟಿಕ್ ಆ ಬಿಸಿಯನ್ನು ಹಿಡಿದಿಡುತ್ತದೆ. ಒಳಗೆ ಹೋಗಿ ನೋಡುವಾಗ ಕೆಂಪು ದೀಪ ಬಳಸುವುದು ನನ್ನ ರೂಢಿ. ವೈಟ್ ಕಾಲರ್ ಪ್ರೋಟೀನಿಗೆ ಕೆಂಪು ಬೆಳಕು ತಿಳಿಯುವುದಿಲ್ಲ; ನ್ಯೂರೋಸ್ಪೋರಾ ಪ್ರಯೋಗಾಲಯಗಳಲ್ಲೂ ಕೆಂಪು ದೀಪದಲ್ಲೇ ಕೆಲಸ ಮಾಡುತ್ತಾರೆ. ಟಾರ್ಚಿನ ಗಾಜಿಗೆ ಕೆಂಪು ಜಿಲೆಟಿನ್ ಹಾಳೆ ಕಟ್ಟಿಕೊಂಡರೆ ಸಾಕು.

4. ನಮ್ಮ ಮಳೆಗಾಲಕ್ಕೆ ನಮ್ಮದೇ ಬೆಳಕಿಂಡಿ

ತರಬೇತಿಗಳಲ್ಲಿ ಹೇಳುವ ಲೆಕ್ಕ ಇದು: ಮೊಗ್ಗು ಬರಲು ಸುಮಾರು 200 ಲಕ್ಸ್ ಬೆಳಕು, ದಿನಕ್ಕೆ 8ರಿಂದ 12 ಗಂಟೆ. ಅಂದರೆ ಕೋಣೆಯ ನಡುವೆ ನಿಂತು ಕಷ್ಟವಿಲ್ಲದೆ ಪತ್ರಿಕೆ ಓದುವಷ್ಟು. ಬಯಲುಸೀಮೆಯಲ್ಲಿ ಕಿಟಕಿ ತೆರೆದರೆ ಇಷ್ಟು ಸಿಗುತ್ತದೆ. ನಮ್ಮಲ್ಲಿ ಹಾಗಲ್ಲ.

ಹೆಗ್ಗರಣೆ ಇರುವುದು ಅಘನಾಶಿನಿ ಕಣಿವೆಯ ಕಡೆಗೆ. ಉಂಚಳ್ಳಿ ಜಲಪಾತ ಇಲ್ಲಿಂದ ಹತ್ತಿರ. ಗುಡ್ಡಗಳ ನಡುವೆ ತೋಟ, ತೋಟದ ತಲೆಗೆ ಮನೆ, ಮನೆಯ ಬೆನ್ನಿಗೆ ಸೊಪ್ಪಿನ ಬೆಟ್ಟ. ಬಿಸಿಲು ತಡವಾಗಿ ಇಳಿಯುತ್ತದೆ, ಬೇಗ ಹತ್ತಿಹೋಗುತ್ತದೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಮಳೆ ಕಟ್ಟಿ ಹೊಡೆಯುವಾಗ ಮಧ್ಯಾಹ್ನವೂ ಮನೆಯೊಳಗೆ ದೀಪ ಬೇಕು. ಕೊಟ್ಟಿಗೆಯ ಮಾಡು ಗಿಡ್ಡ, ಕಿಟಕಿ ಸಣ್ಣದು, ಎದುರಿಗೆ ಇಳಿಬಿಟ್ಟ ಸೋಗೆ ಅಥವಾ ಪ್ಲಾಸ್ಟಿಕ್ಕಿನ ಜಡಿ ತಡೆ. ಆಗಲೇ ನನಗೆ ಫೋನುಗಳು ಬರುವುದು: "ಹೆಗಡೇರೇ, ಚೀಲ ಬೆಳ್ಳಗಾಗಿ ವಾರ ಆತು, ಒಂದು ಮೊಗ್ಗೂ ಇಲ್ಲೆ." ಬೀಜದವನನ್ನು ಬಯ್ಯುವ ಮೊದಲು ಕೋಣೆಯಲ್ಲಿ ನಿಂತು ಪತ್ರಿಕೆ ಬಿಡಿಸಿ ನೋಡಲು ಹೇಳುತ್ತೇನೆ. ಮೊಬೈಲಿನಲ್ಲಿ ಲಕ್ಸ್ ಅಳೆಯುವ ಆ್ಯಪ್‌ಗಳೂ ಇವೆ, ಅಂದಾಜಿಗೆ ಸಾಕಾಗುತ್ತವೆ.

ಇದಕ್ಕೆ ನಮ್ಮ ಹಿರಿಯರ ಮನೆಗಳಲ್ಲೇ ಪರಿಹಾರ ಇದೆ: ಹಂಚಿನ ಮಾಡಿನಲ್ಲಿ ಗಾಜಿನ ಹಂಚು. ಒಳಮನೆಗೆ, ಅಡುಗೆಮನೆಗೆ ಇದರಿಂದಲೇ ಹಗಲು ಬರುತ್ತಿತ್ತು. ಅಣಬೆ ಕೋಣೆಗೆ ಕೆಲವು ಹಂಚು ಬದಲಿಸಿದರೆ ಕರೆಂಟು ಹೋದರೂ ಚಿಂತೆಯಿಲ್ಲ. ಗೋಡೆಯ ಕಿಟಕಿಯಿಂದ ಬೆಳಕು ಒಂದೇ ಬದಿಗೆ ಬೀಳುತ್ತದೆ, ಮಾಡಿನಿಂದ ಬೀಳುವುದು ಎಲ್ಲ ಚೀಲಕ್ಕೂ ಹಂಚಿಕೆಯಾಗುತ್ತದೆ.

ಒಂದು ಎಚ್ಚರಿಕೆ. ಉತ್ತರದ ಇಳಿಜಾರಿನಲ್ಲಿ ಗಾಜು ಹಾಕಿ, ನೇರ ಬಿಸಿಲು ಬರುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಅದು ಕರ್ಕಾಟಕ ವೃತ್ತದಿಂದ ಆಚೆಗಿನ ನಾಡುಗಳಿಗೆ ಬರೆದ ಮಾತು. ನಾವಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಮೇ ತಿಂಗಳ ಬಿಸಿಲು ಉತ್ತರದ ಗಾಜಿನಿಂದ ನೆಟ್ಟಗೆ ಇಳಿದು ಮೊಗ್ಗನ್ನು ಒಣಗಿಸಿಬಿಡುತ್ತದೆ. ಮಳೆ ಹಿಡಿಯುವವರೆಗೆ ಗಾಜಿನ ಅಡಿಗೆ ತೆಳು ಬಿಳಿ ಬಟ್ಟೆ ಕಟ್ಟಿಡಿ, ಮಳೆ ಬಂದ ಮೇಲೆ ಬಿಚ್ಚಿ.

5. ರಾತ್ರಿಯಿಡೀ ಬಲ್ಬು ಉರಿಸಿ ಲಾಭವಿಲ್ಲ

ಶಿಲೀಂಧ್ರಕ್ಕೆ ತಿಳಿಯುವುದು ಬೆಳಕಿನ ಬದಲಾವಣೆ. ನ್ಯೂರೋಸ್ಪೋರಾದಲ್ಲಿ ಬೆಳಕು ಬಿದ್ದ ಕೆಲವೇ ನಿಮಿಷಗಳಲ್ಲಿ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಅದೇ ಬೆಳಕು ಮುಂದುವರಿದರೆ ಒಂದೆರಡು ಗಂಟೆಯಲ್ಲಿ ತಣ್ಣಗಾಗುತ್ತವೆ. ವಿವಿಡ್ ಎಂಬ ಇನ್ನೊಂದು ಪ್ರೋಟೀನು ವೈಟ್ ಕಾಲರನ್ನು ಹಿಡಿದು ನಿಲ್ಲಿಸುತ್ತದೆ. ಬೆಳಕು ಇನ್ನೂ ಹೆಚ್ಚಾದರೆ ಮಾತ್ರ ಮತ್ತೆ ಪ್ರತಿಕ್ರಿಯೆ. ಈ ಬೂಸ್ಟಿಗೆ ಸುಮಾರು 22 ಗಂಟೆಯ ಸ್ವಂತ ದಿನಚರಿಯೂ ಇದೆ, ಅದನ್ನು ಹೊರಗಿನ ಹಗಲು-ರಾತ್ರಿಗೆ ಹೊಂದಿಸುವುದೂ ಬೆಳಕೇ. ಚಿಪ್ಪು ಅಣಬೆಗೂ ಹಗಲಿನಷ್ಟು ಹೊತ್ತು ಬೆಳಕು, ಉಳಿದದ್ದು ಕತ್ತಲೆ ಕೊಡುವುದು ಸಾಕಾಗುತ್ತದೆ.

ಬಲ್ಬು ಬೇಕೇ ಬೇಕಾದರೆ ಬೆಳ್ಳಗಿನ ಎಲ್‌ಇಡಿ ತನ್ನಿ. ಅದರೊಳಗಿನ ಚಿಪ್ ಸೂಸುವುದು ಮೂಲತಃ ನೀಲಿ ಬೆಳಕು, ಶಿಲೀಂಧ್ರಕ್ಕೆ ಬೇಕಾದ ಭಾಗ ಅದೇ. ಹಳೆಯ ಹಳದಿ ಬಲ್ಬಿನಲ್ಲಿ ಕೆಂಪು ಮತ್ತು ಬಿಸಿಯೇ ಹೆಚ್ಚು.

6. ದಂಟು ಉದ್ದವಾದರೆ ಎರಡು ಕಾರಣ

ಕೊಡೆ ಚಿಕ್ಕದು, ದಂಟು ಉದ್ದ. ಹೀಗೆ ಬಂದ ಅಣಬೆಯನ್ನು ಶಿರಸಿ ಪೇಟೆಯಲ್ಲಿ ಯಾರೂ ಒಳ್ಳೆಯ ದರಕ್ಕೆ ಕೊಳ್ಳುವುದಿಲ್ಲ. ಬೆಳಕು ಕಡಿಮೆಯಾದರೂ ಹೀಗಾಗುತ್ತದೆ, ಅಣಬೆಯೇ ಬಿಟ್ಟ ಇಂಗಾಲದ ಡೈಆಕ್ಸೈಡ್ ಕೋಣೆಯಲ್ಲಿ ಕಟ್ಟಿನಿಂತರೂ ಹೀಗಾಗುತ್ತದೆ. ಕತ್ತಲೆ ಕೊಟ್ಟಿಗೆಯಲ್ಲಿ ಎರಡೂ ಕೂಡಿರುವುದೇ ಹೆಚ್ಚು. ಗುಂಪಿನ ದಂಟುಗಳೆಲ್ಲ ಕಿಟಕಿಯತ್ತ ವಾಲಿದ್ದರೆ ಮೊದಲು ಬೆಳಕನ್ನು ಸಂಶಯಿಸಿ. ಬೆಳಕು ಚೆನ್ನಾಗಿದ್ದೂ ದಂಟುಗಳು ಕವಲೊಡೆದು ಗುತ್ತಿಯಾಗಿ ಎದ್ದಿದ್ದರೆ ಗಾಳಿಯನ್ನು ನೋಡಿ. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಒಂದನ್ನು ಬದಲಿಸಿ ಮುಂದಿನ ಫಸಲು ನೋಡಿದರೆ ಕಾರಣ ಯಾವುದೆಂದು ಗೊತ್ತಾಗುತ್ತದೆ.

ಜಪಾನಿನಲ್ಲಿ ಎನೋಕಿ ಬೆಳೆಯುವವರು ಇದನ್ನೇ ಬೇಕೆಂದು ಮಾಡುತ್ತಾರೆ. ಬೆಳಕು ತಗ್ಗಿಸಿ, ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ, ನೂಲಿನಂಥ ಬಿಳಿ ದಂಟು ತೆಗೆಯುತ್ತಾರೆ. ಕಾಡಿನಲ್ಲಿ ಅದೇ ಅಣಬೆ ಕಂದು ಕೊಡೆಯ ಗಿಡ್ಡ ಅಣಬೆ.

7. ಹಸಿರು ಬೂಸ್ಟಿಗೂ ಬೆಳಕು ಕಾಣುತ್ತದೆ

ಅಣಬೆ ಕೋಣೆಯ ದೊಡ್ಡ ಶತ್ರು ಟ್ರೈಕೋಡರ್ಮಾ. ಅದೇ ಟ್ರೈಕೋಡರ್ಮಾ ನಮ್ಮ ತೋಟದ ದೊಡ್ಡ ಮಿತ್ರ. ಕಾಳುಮೆಣಸಿನ ಸೊರಗು ರೋಗ ತಡೆಯಲು ಸಗಣಿ ಗೊಬ್ಬರ, ಬೇವಿನ ಹಿಂಡಿಯ ಜೊತೆ ಕಲಸಿ ಬುಡಕ್ಕೆ ಹಾಕುತ್ತೇವೆ. ಒಂದೇ ಮನೆಯಲ್ಲಿ ಎರಡೂ ಕೆಲಸ ನಡೆಯುವುದು ನಮ್ಮ ಸೀಮೆಯ ವಿಶೇಷ ಅಪಾಯ. ಬಯಲುಸೀಮೆಯ ಅಣಬೆ ಪುಸ್ತಕಗಳಲ್ಲಿ ಇದರ ಪ್ರಸ್ತಾಪವೇ ಇರುವುದಿಲ್ಲ.

ಟ್ರೈಕೋಡರ್ಮಾ ಮೊದಲು ಬಿಳಿ ಎಳೆಯಾಗಿ ಹಬ್ಬುತ್ತದೆ. ಆಗ ಅದನ್ನು ಅಣಬೆಯ ಎಳೆಯಿಂದ ಬೇರೆ ಗುರುತಿಸುವುದು ಕಷ್ಟ. ಬೆಳಕು ಬಿದ್ದ ಮೇಲೆ ಹಸಿರು ಬೀಜಕ ಕಟ್ಟುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಚೆಂದವಾಗಿ ತೋರಿಸುತ್ತಾರೆ: ಕತ್ತಲಲ್ಲಿ ಬೆಳೆಯುವ ಬೂಸ್ಟಿಗೆ ಒಂದೇ ಕ್ಷಣ ನೀಲಿ ಬೆಳಕು ತೋರಿಸಿ ಮತ್ತೆ ಕತ್ತಲಲ್ಲಿಟ್ಟರೆ, ಬೆಳಕು ಬಿದ್ದಾಗ ಅದರ ಅಂಚು ಎಲ್ಲಿತ್ತೋ ಅಲ್ಲಿ ಹಸಿರು ಉಂಗುರ ಮೂಡುತ್ತದೆ. ಮುಂದೆ ಬೆಳೆದ ಭಾಗ ಬಿಳಿಯಾಗಿಯೇ ಉಳಿಯುತ್ತದೆ.

ಎಳೆಗೆ ಗಾಯವಾದರೂ ಅದು ಬೀಜಕ ಕಟ್ಟುತ್ತದೆ. ಹಾಗಾಗಿ ಹಸಿರು ಕಲೆಯನ್ನು ಚೂರಿಯಿಂದ ಕೆರೆಯುವುದು ಸಲ್ಲದು. ಆ ಚೀಲವನ್ನು ಹಾಗೇ ಇನ್ನೊಂದು ಚೀಲದಲ್ಲಿ ಮುಚ್ಚಿ ಹೊರಗೆ ಸಾಗಿಸಿ, ದೂರದಲ್ಲಿ ಹೂಳಿ. ಕತ್ತಲೆ ಕೋಣೆಯಲ್ಲಿರುವಾಗಲೇ ಮಬ್ಬು ಬಣ್ಣದ ಸಂಶಯದ ಚೀಲ ತೆಗೆದರೆ ಬೀಜಕ ಹಾರುವ ಮುಂಚೆ ಕೆಲಸ ಮುಗಿಯುತ್ತದೆ. ಮೆಣಸಿಗೆ ಟ್ರೈಕೋಡರ್ಮಾ ಕಲಸುವ ಜಾಗ ಅಣಬೆ ಕೋಣೆಯಿಂದ ದೂರವಿರಲಿ, ಕಲಸಿದ ದಿನ ಸ್ನಾನ ಮಾಡಿ ಬಟ್ಟೆ ಬದಲಿಸದೆ ಕೋಣೆಗೆ ಕಾಲಿಡಬೇಡಿ. ನಮ್ಮ ಮನೆಯಲ್ಲಿ ಇದು ಮಡಿಯಷ್ಟೇ ಕಟ್ಟುನಿಟ್ಟು.

8. ಎಲ್ಲ ಅಣಬೆಗೂ ಒಂದೇ ಲೆಕ್ಕವಿಲ್ಲ

ಬಟನ್ ಅಣಬೆಗೆ ಬೆಳಕು ಬೇಡ. 19ನೇ ಶತಮಾನದಲ್ಲಿ ಅದನ್ನು ಪ್ಯಾರಿಸ್ಸಿನ ಹಳೆಯ ಕಲ್ಲುಗಣಿಗಳ ಸುರಂಗದಲ್ಲಿ ಬೆಳೆಯುತ್ತಿದ್ದರು. ಅಣಬೆ ಎಂದರೆ ಕತ್ತಲೆ ಎಂಬ ನಂಬಿಕೆಗೆ ಬಲ ಬಂದದ್ದು ಇಂಥ ಬೆಳೆಯಿಂದಲೇ ಇರಬೇಕು. ಚಿಪ್ಪು ಅಣಬೆಗೆ ಬೇಕು. ಪಶ್ಚಿಮ ಬಂಗಾಳದಲ್ಲಿ ಕಂಡು 1974ರಲ್ಲಿ ವೈಜ್ಞಾನಿಕ ಹೆಸರು ಪಡೆದ ಹಾಲು ಅಣಬೆಗೂ ಬೇಕು, ಅದು ನಮ್ಮ ಬೇಸಿಗೆಗೆ ಒಗ್ಗುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ ಸಂಶೋಧನಾ ಸಂಸ್ಥೆ ಅಡಿಕೆ ಹಾಳೆ ಮತ್ತು ಕೊನೆಯ ಕಸದ ಮೇಲೆ ಚಿಪ್ಪು ಅಣಬೆ ಬೆಳೆಯುವ ದಾರಿ ತೋರಿಸಿದೆ. ಹಾಳೆ ತುಂಬಿದರೂ ಹುಲ್ಲು ತುಂಬಿದರೂ ಬೆಳಕಿನ ಲೆಕ್ಕ ಬದಲಾಗುವುದಿಲ್ಲ.

9. ಸಗಣಿಯ ಮೇಲಿನ ಪಾಠಶಾಲೆ

ಶಾಲೆಯ ಮಕ್ಕಳು ಬಂದರೆ ನಾನು ಅಣಬೆ ಕೋಣೆಗಿಂತ ಮೊದಲು ತೋರಿಸುವುದು ಪೈಲೋಬೋಲಸ್ ಎಂಬ ಸಗಣಿ ಬೂಸ್ಟನ್ನು. ಬೆಟ್ಟದಲ್ಲಿ ಮೇದು ಬಂದ ಆಕಳ ತಾಜಾ ಸಗಣಿಯನ್ನು ಗಾಜಿನ ಭರಣಿಯಲ್ಲಿ ತೇವವಾಗಿಟ್ಟರೆ ಕೆಲವು ದಿನಗಳಲ್ಲಿ ಪಾರದರ್ಶಕ ದಂಟುಗಳು ಏಳುತ್ತವೆ. ದಂಟಿನ ತುದಿಯಲ್ಲಿ ನೀರು ತುಂಬಿದ ಗುಳ್ಳೆ, ಗುಳ್ಳೆಯ ನೆತ್ತಿಯಲ್ಲಿ ಕಪ್ಪು ಬೀಜಕದ ಚೀಲ. ಗುಳ್ಳೆಯೇ ಮಸೂರ: ಬೆಳಕನ್ನು ಒಟ್ಟುಗೂಡಿಸಿ ಬುಡದ ಕಿತ್ತಳೆ ಪಟ್ಟಿಯತ್ತ ಬೀಳಿಸುತ್ತದೆ. ಬೆಳಕು ಒಂದು ಬದಿಗೆ ಹೆಚ್ಚಾದರೆ ದಂಟು ಅತ್ತ ಬಾಗಿ ಗುರಿ ಸರಿಮಾಡಿಕೊಳ್ಳುತ್ತದೆ. ಬೆಳಗಿನ ಹೊತ್ತು ಗುಳ್ಳೆ ಒಡೆದು ಕಪ್ಪು ಚೀಲ ಎರಡು ಮೀಟರಿನವರೆಗೂ ಸಿಡಿಯುತ್ತದೆ. ಆಕಳು ತನ್ನ ಸಗಣಿಯ ಹತ್ತಿರದ ಹುಲ್ಲು ಮೇಯುವುದಿಲ್ಲ. ಬೀಜಕ ಮತ್ತೆ ಹೊಟ್ಟೆ ಸೇರಬೇಕಾದರೆ ಬಯಲಿಗೆ, ಬೆಳಕಿನ ದಿಕ್ಕಿಗೆ ಹಾರಬೇಕು.

ಭರಣಿಗೆ ಕಪ್ಪು ಕಾಗದ ಸುತ್ತಿ, ಒಂದು ಕಡೆ ಸಣ್ಣ ತೂತು ಬಿಡಿ. ಮರುದಿನಗಳಲ್ಲಿ ಕಾಗದ ಬಿಚ್ಚಿದರೆ ಕಪ್ಪು ಚುಕ್ಕೆಗಳು ಆ ತೂತಿನ ಸುತ್ತಲೇ ಒತ್ತಾಗಿ ಅಂಟಿರುತ್ತವೆ. ಶಿಲೀಂಧ್ರಕ್ಕೆ ಬೆಳಕು ತಿಳಿಯುತ್ತದೆ ಎಂದು ನಂಬದವರೂ ಇದನ್ನು ನೋಡಿದ ಮೇಲೆ ಒಪ್ಪುತ್ತಾರೆ.

10. ಬಿಸಿಲು ಬೇರೆ, ಬೆಳಕು ಬೇರೆ

ನೇರ ಬಿಸಿಲಿನ ನೇರಳಾತೀತ ಕಿರಣ ಬೀಜಕಗಳನ್ನು ಕೊಲ್ಲುತ್ತದೆ. ಬೇರುಹುಳುವಿಗೆ ಹಾಕುವ ಮೆಟಾರೈಝಿಯಮ್, ಮೆಣಸಿಗೆ ಹಾಕುವ ಟ್ರೈಕೋಡರ್ಮಾ, ಯಾವುದನ್ನೇ ಆಗಲಿ ಸಂಜೆ ಹೊತ್ತು, ತೇವ ಇರುವಾಗ ಹಾಕಿ. ಕೊಟ್ಟೆಯನ್ನು ಅಂಗಳದ ಬಿಸಿಲಿನಲ್ಲಿ ಬಿಡಬೇಡಿ.

ಬಿಸಿಲು ಬಿದ್ದರೆ ಅಡಿಕೆಯ ಕೊಳೆರೋಗ ನಿಲ್ಲುತ್ತದೆ ಎನ್ನುವುದು ನಿಜ, ಆದರೆ ಅದರ ಲೆಕ್ಕ ಬೇರೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ವಿವರಿಸಿದ, ಆ ರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಕಂದು ಪಾಚಿಗಳ ನೆಂಟ. ಅದರ ಬೀಜಕ ಈಜಲು ನೀರಿನ ಪದರ ಬೇಕು. ಬಿಸಿಲು ಮುಖ್ಯವಾಗಿ ಆ ನೀರನ್ನು ಒಣಗಿಸುತ್ತದೆ.

ಕೊಯ್ದ ಅಣಬೆಗೆ ಮಾತ್ರ ಬಿಸಿಲು ಒಳ್ಳೆಯದು. ಅಣಬೆಯ ಮೈಯಲ್ಲಿ ಎರ್ಗೊಸ್ಟೆರಾಲ್ ಇದೆ. ಬಿಸಿಲಿನ ನೇರಳಾತೀತ ಕಿರಣ ತಾಗಿದರೆ ಅದು ಡಿ2 ಜೀವಸತ್ವವಾಗುತ್ತದೆ. ಅಡಿಕೆ ಒಣಗಿಸುವ ಅಂಗಳದಲ್ಲೇ, ಕೊಡೆಯ ಅಡಿಭಾಗ ಮೇಲೆ ಮಾಡಿ, ನಡುಹಗಲಲ್ಲಿ ಹರಡಿ. ಕಿಟಕಿ ಗಾಜಿನ ಹಿಂದೆ ಇಟ್ಟರೆ ಒಣಗುತ್ತದೆ, ಜೀವಸತ್ವ ಆಗುವುದಿಲ್ಲ. ಗಾಜು ಆ ಕಿರಣವನ್ನು ತಡೆಯುತ್ತದೆ.

ಇನ್ನು ಹೊಸದಾಗಿ ಶುರುಮಾಡುವವರಿಗೆ ಒಂದು ಮಾತು. ಬೀಜಕ್ಕೆ ಹಣ ಕೊಡುವ ಮೊದಲು, ಜಡಿಮಳೆಯ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ನಿಮ್ಮ ಕೊಟ್ಟಿಗೆಯ ಬೆಳಕನ್ನು ಅಳೆದು ಬರೆದಿಡಿ. ಗಾಜಿನ ಹಂಚು ಎಷ್ಟು, ಎಲ್ಲಿ ಎಂಬುದನ್ನು ಆ ಚೀಟಿ ನೋಡಿ ನಿರ್ಧರಿಸಿ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದಾಗ ಆ ಚೀಟಿಯನ್ನೂ ಒಯ್ದು, ತೇವಾಂಶ ಮತ್ತು ಉಷ್ಣಾಂಶದ ಜೊತೆಗೆ ಬೆಳಕಿನ ಬಗ್ಗೆಯೂ ಬಿಡದೆ ಕೇಳಿ.